ಸ್ಯಾನ್ ಹೋಸೆಯ ಪೋರ್ಚುಗೀಸ್ ಚರ್ಚಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದರೆ ನಮ್ಮ ಬೇ ಏರಿಯಾದಲ್ಲಿ ತೋರಿಸುವ ಜಾಗಗಳು ಹೆಚ್ಚು ಕಡಿಮೆ ಒಂದೇ. ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಒಂದೆರಡು ಕಂಪನಿಗಳ ಬೋರ್ಡಿನ ಮುಂದೆ ಫೋಟೊ. ನಾನು ಇದಕ್ಕೆ ಇನ್ನೊಂದು ಜಾಗ ಸೇರಿಸುತ್ತೇನೆ. ಸ್ಯಾನ್ ಹೋಸೆಯ ಫೈವ್ ವೂಂಡ್ಸ್ ಚರ್ಚ್. ಹೆಸರು ಹೇಳಿದ ಕೂಡಲೇ ಜನ ಕೇಳುವ ಪ್ರಶ್ನೆಗಳು ಇವು. ಮನೆಗೆ ಬಂದವರು, ಮೆಸೇಜ್ ಮಾಡಿದವರು, ಊರಿಂದ ಪತ್ರ ಬರೆದ ಒಬ್ಬ ಹಿರಿಯರು ಕೇಳಿದ್ದನ್ನೆಲ್ಲ ಅವರವರ ಮಾತಿನಲ್ಲೇ ಇಟ್ಟಿದ್ದೇನೆ.

## ಹೊರಡುವ ಮೊದಲು

ಇದು ಯಾವ ಚರ್ಚು? ಎಲ್ಲಿ ಬರುತ್ತೆ?

ಪೂರ್ತಿ ಹೆಸರು ಫೈವ್ ವೂಂಡ್ಸ್ ಪೋರ್ಚುಗೀಸ್ ನ್ಯಾಷನಲ್ ಚರ್ಚ್. ಪೋರ್ಚುಗೀಸಿನಲ್ಲಿ ‘ಸಿಂಕೊ ಶಾಗಸ್’, ಅಂದರೆ ಐದು ಗಾಯಗಳು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಈಸ್ಟ್ ಸಾಂಟಾ ಕ್ಲಾರಾ ರಸ್ತೆಯಲ್ಲಿದೆ, 101 ಹೆದ್ದಾರಿಗೆ ತೀರಾ ಹತ್ತಿರ. ಸುತ್ತಲಿನ ಕೇರಿಗೆ ಲಿಟಲ್ ಪೋರ್ಚುಗಲ್ ಅಂತಲೇ ಹೆಸರು. ಬಿಳಿ ಮುಖ, ಎರಡು ಗೋಪುರ. ಅಕ್ಕಪಕ್ಕದ ಕಟ್ಟಡಗಳೆಲ್ಲ ಗಿಡ್ಡ. ಹಾಗಾಗಿ ಹುಡುಕುವ ಕೆಲಸವೇ ಇಲ್ಲ, ದೂರದಿಂದಲೇ ಗೋಪುರ ಕಾಣುತ್ತದೆ. 1914ರಲ್ಲಿ ಇಲ್ಲಿನ ಪೋರ್ಚುಗೀಸ್ ವಲಸಿಗರಿಗಾಗಿ ಈ ಧರ್ಮಕೇಂದ್ರ ಶುರುವಾಯಿತು. ನಂತರದ ಕೆಲವೇ ವರ್ಷಗಳಲ್ಲಿ ಈಗಿನ ಕಟ್ಟಡ ಎದ್ದಿತು.

ನಾವು ಹಿಂದೂಗಳು. ಒಳಗೆ ಬಿಡ್ತಾರಾ?

ಬಿಡುತ್ತಾರೆ. ಯಾರೂ ಜಾತಿ, ಧರ್ಮ ಕೇಳುವುದಿಲ್ಲ. ಟಿಕೆಟ್ ಇಲ್ಲ. ಪೂಜೆ ನಡೆಯುವಾಗಲೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ನಮ್ಮ ದೇವಸ್ಥಾನಕ್ಕೆ ಬೇರೆಯವರು ಬಂದಾಗ ಅವರಿಂದ ಯಾವ ಗೌರವ ಬಯಸುತ್ತೇವೋ, ಅದೇ ಗೌರವ ಇಟ್ಟುಕೊಂಡು ಹೋದರೆ ಸಾಕು.

ಚಪ್ಪಲಿ ಹೊರಗೆ ಬಿಡಬೇಕಾ? ಬಟ್ಟೆ ಹೇಗಿರಬೇಕು?

ಚಪ್ಪಲಿ ಬಿಡುವುದು ಬೇಡ, ಎಲ್ಲರೂ ಶೂ ಹಾಕಿಕೊಂಡೇ ಒಳಗೆ ಹೋಗುತ್ತಾರೆ. ನನ್ನ ಅತ್ತೆಗೆ ಮನಸ್ಸು ಒಪ್ಪಲಿಲ್ಲ. ಬಾಗಿಲ ಪಕ್ಕದಲ್ಲಿ ಬಿಟ್ಟು ಬರಿಗಾಲಲ್ಲೇ ಹೋದರು. ಯಾರೂ ಏನೂ ಅನ್ನಲಿಲ್ಲ. ಪೋರ್ಚುಗೀಸ್ ಅಜ್ಜಿಯೊಬ್ಬರು ಅವರ ಕಾಲು ನೋಡಿ, ಕೈ ಹಿಡಿದು ಮೆಲ್ಲಗೆ ಒತ್ತಿದರು, ಅಷ್ಟೇ.

ಸೀರೆ, ಚೂಡಿದಾರ್, ಪ್ಯಾಂಟು ಯಾವುದಾದರೂ ಸರಿ. ತೀರಾ ಗಿಡ್ಡ ಚಡ್ಡಿ, ತೋಳಿಲ್ಲದ ಬನಿಯನ್ ಬೇಡ. ಗಂಡಸರು ಟೋಪಿ ತೆಗೆಯಬೇಕು. ಇದು ಎಷ್ಟೋ ಜನಕ್ಕೆ ನೆನಪಿರಲ್ಲ.

ಯಾವಾಗ ಹೋದ್ರೆ ಬಾಗಿಲು ತೆಗೆದಿರುತ್ತೆ?

ಪೂಜೆಯ ಹೊತ್ತಿಗೆ ಹೋಗಿ. ಕ್ಯಾಥೊಲಿಕರು ಇದನ್ನು ಬಲಿಪೂಜೆ ಅನ್ನುತ್ತಾರೆ. ನಾನು ಮೊದಲ ಸಲ ಒಂದು ಬುಧವಾರ ಮಧ್ಯಾಹ್ನ ಹೋಗಿ, ಮುಚ್ಚಿದ ಬಾಗಿಲು ನೋಡಿಕೊಂಡು ವಾಪಸ್ ಬಂದಿದ್ದೆ. ಇದು ಮ್ಯೂಸಿಯಂ ಅಲ್ಲ, ದಿನವಿಡೀ ತೆರೆದಿಡಲು ಕಾವಲಿನವರಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲಕ್ಕಿಂತ ಒಳ್ಳೆಯದು. ಪೋರ್ಚುಗೀಸಿನಲ್ಲೂ ಇಂಗ್ಲಿಷಿನಲ್ಲೂ ಪೂಜೆ ಇರುತ್ತದೆ. ಸಮಯ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ಚರ್ಚ್ ಕಚೇರಿಗೆ ಒಂದು ಫೋನ್ ಮಾಡಿ.

ನನ್ನ ಸಲಹೆ ಕೇಳಿದರೆ, ಪೋರ್ಚುಗೀಸ್ ಪೂಜೆಗೇ ಹೋಗಿ. ಭಾಷೆ ಅರ್ಥ ಆಗದಿದ್ದರೂ ಪರವಾಗಿಲ್ಲ. ಆ ಗೋಡೆಗಳು ಕೇಳಿಸಿಕೊಳ್ಳಲೆಂದು ಕಟ್ಟಿದ್ದು ಆ ಭಾಷೆಯನ್ನೇ.

ಅಪ್ಪ ಅಮ್ಮನಿಗೆ ಕಾರು ಓಡಿಸೋಕೆ ಬರಲ್ಲ. ಬಸ್ಸಲ್ಲಿ ಹೋಗ್ಬಹುದಾ?

ಆರಾಮಾಗಿ ಹೋಗಬಹುದು. ಇಲ್ಲಿನ ಸರ್ಕಾರಿ ಸಾರಿಗೆ ಸಂಸ್ಥೆ ವಿಟಿಎಯ 22 ಮತ್ತು 522 ನಂಬರಿನ ಬಸ್ಸುಗಳು ಪಾಲೊ ಆಲ್ಟೊ ಕಡೆಯಿಂದ ಸಾಂಟಾ ಕ್ಲಾರಾ, ಸ್ಯಾನ್ ಹೋಸೆ ಡೌನ್‌ಟೌನ್ ದಾಟಿ ಇದೇ ರಸ್ತೆಯಲ್ಲಿ ಪೂರ್ವಕ್ಕೆ ಹೋಗುತ್ತವೆ. 522 ಕಡಿಮೆ ಕಡೆ ನಿಲ್ಲುತ್ತದೆ, ಬೇಗ ತಲುಪಿಸುತ್ತದೆ. ಬೇಗ ಬೇಕಿಲ್ಲದಿದ್ದರೆ 22 ಹತ್ತಿ. ಊರು ನೋಡುತ್ತಾ ಹೋಗಬಹುದು.

ಫೋಟೊ ತೆಗೀಬಹುದಾ?

ಹೊರಗೆ ಎಷ್ಟು ಬೇಕಾದರೂ. ಒಳಗೆ ಪೂಜೆ, ಮದುವೆ, ಸಾವಿನ ಪ್ರಾರ್ಥನೆ ನಡೆಯುವಾಗ ಬೇಡವೇ ಬೇಡ. ಖಾಲಿ ಇದ್ದಾಗ ಅಲ್ಲಿರುವವರನ್ನು ಕೇಳಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಮಂಡಿಯೂರಿ ಪ್ರಾರ್ಥನೆ ಮಾಡುತ್ತಿರುವವರ ಕಡೆ ಕ್ಯಾಮೆರಾ ತಿರುಗಿಸಬೇಡಿ. ಅವರು ಅಲ್ಲಿ ಯಾವ ಕಷ್ಟ ಹೇಳಿಕೊಳ್ಳಲು ಬಂದಿರುತ್ತಾರೋ ಯಾರಿಗೆ ಗೊತ್ತು.

## ಒಳಗೆ ಹೋದ ಮೇಲೆ

ಪ್ರಸಾದ ಕೊಡ್ತಾರಲ್ಲ, ನಾವೂ ಸಾಲಲ್ಲಿ ನಿಂತು ತಗೋಬಹುದಾ?

ಇಲ್ಲ. ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ತೀರ್ಥ ಪ್ರಸಾದ ಬಂದವರಿಗೆಲ್ಲ. ಬೇಡ ಅಂದರೇ ತಪ್ಪು. ಕ್ಯಾಥೊಲಿಕರಲ್ಲಿ ಆ ಬಿಳಿ ತೆಳು ರೊಟ್ಟಿಗೆ ಪರಮಪ್ರಸಾದ ಅನ್ನುತ್ತಾರೆ. ಪೂಜೆಯಲ್ಲಿ ಅದು ಕ್ರಿಸ್ತನ ಶರೀರವೇ ಆಗುತ್ತದೆ ಅನ್ನುವುದು ಅವರ ನಂಬಿಕೆ. ಅದಕ್ಕೆ ಬೇಕಾದ ದೀಕ್ಷೆ, ತಯಾರಿ ಮುಗಿಸಿದ ಕ್ಯಾಥೊಲಿಕರು ಮಾತ್ರ ತೆಗೆದುಕೊಳ್ಳುತ್ತಾರೆ.

ನೀವು ಬೆಂಚಿನಲ್ಲೇ ಕೂತಿರಿ. ಪಕ್ಕದವರು ಹೊರಗೆ ಹೋಗಬೇಕಾದರೆ ಎದ್ದು ದಾರಿ ಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ. ಗೊತ್ತಿಲ್ಲದೆ ಕೈಗೆ ಬಂದೇಬಿಟ್ಟರೆ ಜೇಬಿಗೆ, ಪರ್ಸಿಗೆ ಹಾಕಿಕೊಳ್ಳಬೇಡಿ. ಅಲ್ಲೇ ಕೊಟ್ಟವರಿಗೆ ವಾಪಸ್ ಕೊಟ್ಟು, ನಾವು ಕ್ಯಾಥೊಲಿಕರಲ್ಲ ಅಂತ ಮೆಲ್ಲಗೆ ಹೇಳಿ. ಅವರಿಗೆ ಅರ್ಥವಾಗುತ್ತದೆ.

ಬಾಗಿಲ ಹತ್ರ ನೀರಿನ ಬಟ್ಟಲು ಇರುತ್ತೆ. ಅದು ಕುಡಿಯೋಕಾ?

ಕುಡಿಯುವುದಕ್ಕಲ್ಲ. ಮಂತ್ರಿಸಿದ ನೀರು. ಬೆರಳು ಅದ್ದಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ನೀವು ಮಾಡಲೇಬೇಕು ಅಂತಿಲ್ಲ.

ಪೂಜೆ ಮಧ್ಯದಲ್ಲಿ ಎಲ್ಲರೂ ಏಳ್ತಾರೆ, ಮಂಡಿ ಊರ್ತಾರೆ. ನಮಗೆ ಏನೂ ಗೊತ್ತಾಗಲ್ವಲ್ಲ?

ಮುಂದಿನ ಬೆಂಚಿನವರನ್ನು ನೋಡಿಕೊಳ್ಳಿ. ಅವರು ಎದ್ದಾಗ ಎದ್ದರೆ ಸಾಕು. ಮಂಡಿ ಊರುವುದು ಕಡ್ಡಾಯ ಅಲ್ಲ, ಆಗ ಸುಮ್ನೆ ಕೂತಿರಬಹುದು. ಒಂದು ಹೊತ್ತಿನಲ್ಲಿ ಎಲ್ಲರೂ ಅಕ್ಕಪಕ್ಕದವರ ಕಡೆ ತಿರುಗಿ ಕೈ ಕೊಡುತ್ತಾರೆ. ಶಾಂತಿ ಇರಲಿ ಅಂತ ಹಾರೈಸುವ ಕ್ರಮ ಅದು. ನೀವೂ ಕೈ ಕೊಡಿ, ಇಲ್ಲ ಕೈ ಮುಗಿಯಿರಿ. ಪೂಜೆ ಸುಮಾರು ಒಂದು ಗಂಟೆ. ಕಾಣಿಕೆಯ ಬುಟ್ಟಿ ಬರುತ್ತದೆ, ಮನಸ್ಸಿದ್ದರೆ ಹಾಕಿ.

ಪೋರ್ಚುಗೀಸ್ ಪೂಜೆಯಲ್ಲಿ ಒಂದೆರಡು ಪದ ಹಿಡಿಯಬಹುದು. ‘ದೇವುಸ್’ ಅಂದರೆ ದೇವರು. ‘ಪಾಯ್ ನೊಸ್ಸು’ ಅಂತ ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಅದು ‘ನಮ್ಮ ತಂದೆಯೇ’ ಎಂಬ ಪ್ರಾರ್ಥನೆ. ಹೊರಗೆ ಬಂದ ಮೇಲೆ ಧನ್ಯವಾದ ಹೇಳಬೇಕಾದರೆ ಗಂಡಸರು ‘ಒಬ್ರಿಗಾದು’, ಹೆಂಗಸರು ‘ಒಬ್ರಿಗಾದಾ’ ಅನ್ನಬೇಕು. ಅಷ್ಟು ಹೇಳಿ ನೋಡಿ, ಎದುರಿನವರ ಮುಖ ಅರಳುತ್ತದೆ.

ಒಳಗೆ ಏನೇನು ನೋಡ್ಬೇಕು?

ಮೊದಲು ಹಿಂದಿನ ಬೆಂಚಿನಲ್ಲಿ ಐದು ನಿಮಿಷ ಕೂರಿ. ಬಣ್ಣದ ಗಾಜಿನ ಕಿಟಕಿಗಳಿಂದ ಬರುವ ಬೆಳಕು ಬೆಂಚುಗಳ ಮೇಲೆ ಮೆಲ್ಲಗೆ ಸರಿಯುತ್ತದೆ. ಅವಸರದಲ್ಲಿ ಒಂದು ಸುತ್ತು ಹಾಕಿ ಬಂದವರಿಗೆ ಇದು ಸಿಗಲ್ಲ.

ಆಮೇಲೆ ಪೀಠದ ಕಡೆ ನೋಡಿ. ಅಲ್ಲೊಂದು ಕೆಂಪು ದೀಪ ಉರಿಯುತ್ತಿರುತ್ತದೆ. ಪರಮಪ್ರಸಾದವನ್ನು ಅಲ್ಲಿ ಇಟ್ಟಿದ್ದಾರೆ ಅನ್ನುವುದಕ್ಕೆ ಅದು ಗುರುತು. ನಂದಾದೀಪ ಅಂದರೆ ನಮ್ಮವರಿಗೆ ಥಟ್ಟನೆ ತಿಳಿಯುತ್ತದೆ. ಕ್ಯಾಥೊಲಿಕರು ಒಂದು ಮಂಡಿ ಊರಿ ನಮಸ್ಕರಿಸುವುದು ಆ ಕಡೆಗೇ.

ಪ್ರತಿಮೆಗಳನ್ನು ಗುರುತಿಸುವುದು ಕಷ್ಟ ಅಲ್ಲ. ಬಿಳಿ ಉಡುಪಿನ ಮೇರಿಯಮ್ಮ, ಕಾಲ ಬಳಿ ಕುರಿ ಕಾಯುವ ಮೂವರು ಮಕ್ಕಳು ಇದ್ದರೆ ಅದು ಫಾತಿಮಾ ಮಾತೆ. 1917ರಲ್ಲಿ ಪೋರ್ಚುಗಲ್‌ನ ಫಾತಿಮಾ ಎಂಬ ಹಳ್ಳಿಯಲ್ಲಿ ಆ ಮಕ್ಕಳಿಗೆ ದರ್ಶನ ಕೊಟ್ಟಳು ಅನ್ನುವ ನಂಬಿಕೆ. ಬಾಲ ಯೇಸುವನ್ನು ಎತ್ತಿಕೊಂಡ ಸನ್ಯಾಸಿ ಸಂತ ಅಂತೋಣಿ. ಜಗತ್ತೆಲ್ಲ ಅವರನ್ನು ಇಟಲಿಯ ಪಾದುವಾ ಊರಿನ ಅಂತೋಣಿ ಅನ್ನುತ್ತದೆ. ಪೋರ್ಚುಗೀಸರು ಒಪ್ಪುವುದಿಲ್ಲ. ಹುಟ್ಟಿದ್ದು ಲಿಸ್ಬನ್‌ನಲ್ಲಿ, ಹಾಗಾಗಿ ನಮ್ಮ ಲಿಸ್ಬನ್‌ನ ಅಂತೋಣಿ ಅನ್ನುತ್ತಾರೆ. ಮಡಿಲಲ್ಲಿ ಗುಲಾಬಿ ಹಿಡಿದ ರಾಣಿಯ ಚಿತ್ರ ಅಥವಾ ಪ್ರತಿಮೆ ಕಂಡರೆ ಆಕೆ ರಾಣಿ ಇಸಬೆಲ್. ಆಕೆಯ ಕಥೆ ಹಬ್ಬದ ಪ್ರಶ್ನೆಯಲ್ಲಿ ಹೇಳುತ್ತೇನೆ.

## ಹೆಸರು, ಜನ, ಮರ

‘ಐದು ಗಾಯ’ ಅಂತ ಯಾಕೆ ಹೆಸರಿಟ್ಟರು? ಕೇಳೋಕೆ ಸಂಕಟ ಆಗುತ್ತೆ.

ಶಿಲುಬೆಗೆ ಏರಿಸಿದಾಗ ಯೇಸುವಿಗೆ ಆದ ಗಾಯಗಳು ಐದು. ಎರಡು ಕೈ, ಎರಡು ಕಾಲು, ಪಕ್ಕೆ. ನಮ್ಮ ಕನ್ನಡ ಕ್ಯಾಥೊಲಿಕರು ಪಂಚಗಾಯ ಅನ್ನುತ್ತಾರೆ.

ಪೋರ್ಚುಗೀಸರಿಗೆ ಇದು ಭಕ್ತಿಯ ಹೆಸರೂ ಹೌದು, ದೇಶದ ಹೆಸರೂ ಹೌದು. ಅವರ ಬಾವುಟದ ನಡುವೆ ಐದು ಸಣ್ಣ ನೀಲಿ ಗುರಾಣಿಗಳಿವೆ, ಒಂದೊಂದರ ಮೇಲೂ ಐದೈದು ಬಿಳಿ ಚುಕ್ಕಿ. 1139ರ ಒರೀಕ್ ಯುದ್ಧಕ್ಕೆ ಮುನ್ನ ಕ್ರಿಸ್ತ ಕಾಣಿಸಿಕೊಂಡ, ಆಮೇಲೆ ಗೆದ್ದ ಅಫೋನ್ಸು ಎನ್ರಿಕೆಸ್ ಪೋರ್ಚುಗಲ್‌ನ ಮೊದಲ ದೊರೆಯಾದ ಅನ್ನುವುದು ಐತಿಹ್ಯ. ಆ ಗುರಾಣಿಗಳಲ್ಲಿ ಪಂಚಗಾಯ ಕಾಣುವುದು ಅಲ್ಲಿಂದ ಬಂದ ವಾಡಿಕೆ. 1910ರಲ್ಲಿ ರಾಜರ ಆಳ್ವಿಕೆ ಹೋಯಿತು, 1911ರಲ್ಲಿ ಬಾವುಟ ಬದಲಾಯಿತು. ಆದರೂ ಈ ಗುರಾಣಿಗಳು ಉಳಿದವು. ಸ್ಯಾನ್ ಹೋಸೆಯಲ್ಲಿ ಕೂಲಿ ಮಾಡುತ್ತಿದ್ದ ಜನ ತಮ್ಮ ಚರ್ಚಿಗೆ ಈ ಹೆಸರು ಇಟ್ಟಾಗ ದೇವರನ್ನೂ ಊರನ್ನೂ ಒಟ್ಟಿಗೇ ನೆನೆದಂತಾಯಿತು.

ಇಷ್ಟು ದೊಡ್ಡ ಚರ್ಚ್ ಕಟ್ಟಿದ್ದು ಯಾರು? ಲಿಸ್ಬನ್ನಿನ ಸಾಹುಕಾರರಾ?

ಅಲ್ಲ. ಬಹುಪಾಲು ಅಝೋರ್ಸ್ ದ್ವೀಪಗಳ ರೈತರು. ಅಟ್ಲಾಂಟಿಕ್ ಸಾಗರದ ನಡುವೆ ಒಂಬತ್ತು ಜ್ವಾಲಾಮುಖಿ ದ್ವೀಪಗಳಿವೆ. ಪೀಕೊ, ಫಾಯಲ್, ಸಾವ್ ಝೋರ್ಜ್, ತೆರ್ಸೇರಾ ಇತ್ಯಾದಿ. ಕಪ್ಪು ಕಲ್ಲು, ಗಾಳಿ, ಹಸು, ಸಣ್ಣ ಹಿಡುವಳಿ. ಮಕ್ಕಳು ಜಾಸ್ತಿ, ಭೂಮಿ ಕಡಿಮೆ.

19ನೇ ಶತಮಾನದಲ್ಲಿ ಅಮೆರಿಕದ ತಿಮಿಂಗಿಲ ಬೇಟೆಯ ಹಡಗುಗಳು ನೀರು, ತರಕಾರಿ, ಆಳುಗಳಿಗಾಗಿ ಈ ದ್ವೀಪಗಳಲ್ಲಿ ನಿಲ್ಲುತ್ತಿದ್ದವು. ಬಡತನ ಒಂದು ಕಡೆ, ಕಡ್ಡಾಯ ಸೈನ್ಯ ಸೇವೆ ಇನ್ನೊಂದು ಕಡೆ. ಹುಡುಗರು ಹಡಗು ಹತ್ತಿ ಹೊರಟರು. ಹಾಗೆ ಕೆಲವರು ಕ್ಯಾಲಿಫೋರ್ನಿಯಾ ಮುಟ್ಟಿದರು. ಚಿನ್ನದ ಬೇಟೆಯ ಕಾಲ ಮುಗಿದ ಮೇಲೆ ಅವರು ಹಿಡಿದಿದ್ದು ಗೊತ್ತಿದ್ದ ಕೆಲಸಗಳನ್ನೇ. ಕುರಿ, ಹಸು, ಹಾಲು, ಹೊಲ.

ಇವತ್ತು ನಾವು ಕಂಪ್ಯೂಟರ್ ಮುಂದೆ ಕೂರುವ ಈ ಕಣಿವೆ ಆಗ ಪೂರ್ತಿ ಹಣ್ಣಿನ ತೋಟ. ಏಪ್ರಿಕಾಟ್, ಪ್ರೂನ್, ಚೆರ್ರಿ. ಹಣ್ಣು ಕೀಳುವುದು, ಕತ್ತರಿಸಿ ಒಣಗಿಸುವುದು, ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ನಿಲ್ಲುವುದು ಇಂಥವರ ಕೆಲಸ. ಹೆಂಗಸರೂ ಮಕ್ಕಳೂ ದುಡಿಯುತ್ತಿದ್ದರು. ಏಪ್ರಿಕಾಟ್ ರಸ ಹತ್ತಿದ ಬೆರಳುಗಳಿಂದ ಬಂದ ಕಾಸು ಸೇರಿ ಗೋಪುರ ಆಗಿದೆ. ಅವರನ್ನು ಒಟ್ಟು ಮಾಡಿದವರು ಮೊನ್ಸಿಞೋರ್ ಎನ್ರೀಕೆ ರಿಬೇರು ಎಂಬ ಗುರುಗಳು. ಅವರೇ ಮೊದಲ ಧರ್ಮಗುರು.

ಎಕ್ಸಿಬಿಶನ್ ಮುಗಿದ ಮೇಲೆ ಉಳಿದ ಮರ ತಂದು ಕಟ್ಟಿದ್ರಂತೆ, ನಿಜವಾ?

ನಿಜ. ನನಗೆ ಈ ಚರ್ಚಿನ ಬಗ್ಗೆ ಎಲ್ಲಕ್ಕಿಂತ ಇಷ್ಟದ ಸಂಗತಿ ಇದು.

ಪನಾಮಾ ಕಾಲುವೆ ತೆರೆದ ಖುಷಿಗೆ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ವಿಶ್ವ ಪ್ರದರ್ಶನ ನಡೆಯಿತು. 1906ರ ಭೂಕಂಪದಲ್ಲಿ ನೆಲಸಮವಾದ ನಗರ ಮತ್ತೆ ಎದ್ದಿದೆ ಅಂತ ತೋರಿಸುವುದೂ ಅದರ ಉದ್ದೇಶ. ದೇಶ ದೇಶಗಳು ತಮ್ಮ ತಮ್ಮ ಮಂಟಪ ಕಟ್ಟಿದವು. ಪೋರ್ಚುಗಲ್ ಕೂಡ ಕಟ್ಟಿತು. ಆ ವರ್ಷ ಡಿಸೆಂಬರಿನಲ್ಲಿ ಪ್ರದರ್ಶನ ಮುಗಿಯಿತು. ಆ ಕಟ್ಟಡಗಳನ್ನು ಬಹುಮಟ್ಟಿಗೆ ಕೆಲವು ತಿಂಗಳಿಗೆಂದೇ ಮರ, ಪ್ಲಾಸ್ಟರ್‌ನಲ್ಲಿ ಕಟ್ಟಿದ್ದು. ಹೆಚ್ಚಿನವನ್ನು ಕೆಡವಿದರು. ಉಳಿದದ್ದರಲ್ಲಿ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್ ಒಂದು. ಕೊಳದ ಪಕ್ಕ ನಿಂತು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತೀರಲ್ಲ, ಅದೇ.

ಪೋರ್ಚುಗಲ್ ಮಂಟಪದ ಮರ ಮಾತ್ರ ಸ್ಯಾನ್ ಹೋಸೆಗೆ ಬಂತು. ತಾಯ್ನಾಡು ಜಗತ್ತಿಗೆ ತೋರಿಸಿಕೊಳ್ಳಲು ಕಟ್ಟಿದ ಮನೆಯ ಮರ, ಆ ನಾಡು ಬಿಟ್ಟು ಬಂದವರ ದೇವರ ಮನೆಗೆ ಬಂತು. ನಮ್ಮ ಕಡೆ ಹಳೆ ಮನೆ ಬಿಚ್ಚಿದಾಗ ತೊಲೆ, ಬಾಗಿಲು, ಕಂಬಗಳನ್ನು ಎತ್ತಿಟ್ಟು ಹೊಸ ಮನೆಗೆ ಹಾಕುತ್ತಾರಲ್ವಾ, ಹಾಗೆ. ನಾನು ಹೋದಾಗಲೆಲ್ಲ ಒಳಗಿನ ಮರದ ಕೆಲಸ ಮುಟ್ಟಿ ನೋಡುತ್ತೇನೆ.

ಇದು ಅಮೆರಿಕದಲ್ಲಿದೆ. ‘ಪೋರ್ಚುಗೀಸ್ ನ್ಯಾಷನಲ್’ ಅಂತ ಹೇಗೆ ಆಗುತ್ತೆ?

ಪೋರ್ಚುಗಲ್ ಸರ್ಕಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಾಮಾನ್ಯವಾಗಿ ಕ್ಯಾಥೊಲಿಕ್ ಧರ್ಮಕೇಂದ್ರಕ್ಕೆ ಒಂದು ಎಲ್ಲೆ ಇರುತ್ತದೆ. ಈ ರಸ್ತೆಯಿಂದ ಆ ರಸ್ತೆಯವರೆಗಿನ ಮನೆಗಳು ಈ ಚರ್ಚಿಗೆ ಅಂತ. ವಲಸಿಗರು ತುಂಬಿದ ಅಮೆರಿಕದಲ್ಲಿ ಎಲ್ಲೆಯ ಬದಲು ಭಾಷೆಯ ಲೆಕ್ಕದಲ್ಲೂ ಕೇಂದ್ರ ಮಾಡಿದರು. ಇಟಾಲಿಯನ್ನರಿಗೆ, ಜರ್ಮನ್ನರಿಗೆ, ಪೋಲೆಂಡಿನವರಿಗೆ ಒಂದೊಂದು. ಅಂಥದಕ್ಕೆ ನ್ಯಾಷನಲ್ ಪಾರಿಷ್ ಅನ್ನುತ್ತಾರೆ. ಯಾವ ಊರಲ್ಲಿದ್ದರೂ ಪೋರ್ಚುಗೀಸ್ ಮಾತಾಡುವವರು ಇಲ್ಲಿಗೆ ಬರಬಹುದು. ತಾಯಿಭಾಷೆಯಲ್ಲಿ ತಪ್ಪು ಒಪ್ಪಿಕೊಳ್ಳುವುದು, ತಾಯಿಭಾಷೆಯಲ್ಲಿ ಸತ್ತವರಿಗೆ ಪ್ರಾರ್ಥನೆ ಮಾಡುವುದು ಎಷ್ಟು ದೊಡ್ಡದು ಅನ್ನುವುದು ಪರದೇಶದಲ್ಲಿ ಇದ್ದವರಿಗೆ ಗೊತ್ತು.

## ಹಬ್ಬ ಮತ್ತು ಊಟ

ಬೇಸಿಗೆಯಲ್ಲಿ ಅಲ್ಲಿ ರಾಣಿ ವೇಷದ ಹುಡುಗೀರ ಮೆರವಣಿಗೆ ಹೋಗ್ತಿತ್ತು. ಏನದು?

ಅದು ಫೆಸ್ಟಾ. ಪವಿತ್ರಾತ್ಮನ ಹಬ್ಬ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ್ ಸುತ್ತಮುತ್ತ ಶುರುವಾಗಿ, ಬೇಸಿಗೆಯುದ್ದಕ್ಕೂ ಕ್ಯಾಲಿಫೋರ್ನಿಯಾದ ಪೋರ್ಚುಗೀಸ್ ಊರುಗಳಲ್ಲಿ ಒಂದಾದ ಮೇಲೊಂದು ನಡೆಯುತ್ತದೆ. ಚರ್ಚಿಗೆ ಒಂದೇ ಸಲ ಹೋಗುವುದಾದರೆ ಈ ಹಬ್ಬದ ದಿನವೇ ಹೋಗಿ.

ಇದರ ಮೂಲ ರಾಣಿ ಇಸಬೆಲ್. 13, 14ನೇ ಶತಮಾನದಲ್ಲಿದ್ದವಳು, ದೊರೆ ದಿನೀಶ್‌ನ ಹೆಂಡತಿ. ಬರಗಾಲದಲ್ಲಿ ಬಡವರಿಗೆ ಅನ್ನ ಹಾಕಿದಳು. ಸೆರಗಲ್ಲಿ ಬಚ್ಚಿಟ್ಟು ರೊಟ್ಟಿ ಒಯ್ಯುವಾಗ ರಾಜ ತಡೆದು ಕೇಳಿದ. ಬಿಚ್ಚಿ ತೋರಿಸಿದರೆ ರೊಟ್ಟಿ ಗುಲಾಬಿ ಆಗಿತ್ತು ಅನ್ನುವುದು ಕಥೆ. ತನ್ನ ಕಿರೀಟವನ್ನೇ ಬಡವನ ತಲೆಗೆ ಇಟ್ಟಳು ಅಂತಲೂ ಹೇಳುತ್ತಾರೆ. ಪೋರ್ಚುಗಲ್‌ನ ಬೇರೆ ಭಾಗಗಳಲ್ಲಿ ಈ ಹಬ್ಬ ತೆಳುವಾಯಿತು. ಭೂಕಂಪ, ಜ್ವಾಲಾಮುಖಿಯ ಭಯದಲ್ಲಿ ಬದುಕುವ ಅಝೋರ್ಸ್ ಜನ ಮಾತ್ರ ಬಿಡಲಿಲ್ಲ.

ಮೆರವಣಿಗೆಯಲ್ಲಿ ಬ್ಯಾಂಡು, ಬಾವುಟ, ಮೇಲೆ ಪಾರಿವಾಳ ಕೂತ ಬೆಳ್ಳಿ ಕಿರೀಟ. ನಡುವೆ ಆ ವರ್ಷದ ರಾಣಿ. ಹದಿಹರೆಯದ ಹುಡುಗಿ. ಅವಳ ಹೆಗಲಿನಿಂದ ಹಿಂದಕ್ಕೆ ಕೆಲವು ಮಾರು ಉದ್ದದ ಮಖಮಲ್ ಮೇಲಂಗಿ, ಅದರ ತುಂಬ ಜರಿ, ಮಣಿ ಕಸೂತಿ. ಎಷ್ಟು ಭಾರ ಅಂದರೆ ಪ್ರತಿ ಹೆಜ್ಜೆಗೂ ಅವಳು ಮುಂದಕ್ಕೆ ಬಾಗುತ್ತಾಳೆ. ಸಂಗಾತಿಗಳು ಹಿಂದೆ ಅಂಚು ಹಿಡಿದು ನಡೆಯುತ್ತಾರೆ. ಆ ಕಸೂತಿಯ ಹಿಂದೆ ಒಂದು ಕುಟುಂಬದ ತಿಂಗಳುಗಟ್ಟಲೆ ಕೆಲಸ ಇರುತ್ತದೆ. ಚರ್ಚಿನಲ್ಲಿ ಗುರುಗಳು ಕಿರೀಟವನ್ನು ಅವಳ ತಲೆಗೆ ಇಡುತ್ತಾರೆ.

ಹಬ್ಬದ ಉಸ್ತುವಾರಿ ಇರ್ಮಂದಾದೆ, ಅಂದರೆ ಸೋದರ ಸಂಘದ್ದು. ಚರ್ಚಿನ ಹತ್ತಿರವೇ ಅವರ ಐಇಎಸ್ ಹಾಲ್ ಇದೆ. ಆಮೇಲೆ ಊಟ, ಬಂದವರಿಗೆಲ್ಲ ಉಚಿತ. ಉದ್ದ ಮೇಜುಗಳಲ್ಲಿ ಅಪರಿಚಿತರು ಪಕ್ಕಪಕ್ಕ ಕೂರುತ್ತಾರೆ. ನಮ್ಮ ಜಾತ್ರೆಯ ಅನ್ನಸಂತರ್ಪಣೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾವು ಸಸ್ಯಾಹಾರಿಗಳು. ಅಲ್ಲಿ ತಿನ್ನೋಕೆ ಏನಾದ್ರೂ ಸಿಗುತ್ತಾ?

ಫೆಸ್ಟಾದ ಮುಖ್ಯ ಅಡುಗೆ ‘ಸೋಪಸ್’. ದನದ ಮಾಂಸವನ್ನು ಮಸಾಲೆಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಆ ಸಾರನ್ನು ದಪ್ಪ ರೊಟ್ಟಿ ತುಂಡುಗಳ ಮೇಲೆ ಸುರಿಯುತ್ತಾರೆ. ಮೇಲೆ ಪುದೀನ. ಬಿಸಿ ಸಾರು ಬೀಳುತ್ತಿದ್ದಂತೆ ಪುದೀನದ ವಾಸನೆ ಹಾಲ್ ತುಂಬ ಏಳುತ್ತದೆ. ಸಸ್ಯಾಹಾರಿಗಳು ಸಾರೂ ಬೇಡ ಅನ್ನಬೇಕು, ಅದರಲ್ಲಿನ ಕೋಸೂ ಬೇಡ. ಬರೀ ರೊಟ್ಟಿ ಕೇಳಿದರೆ ಕೊಡುತ್ತಾರೆ. ಕೂತು ಹರಟೆ ಹೊಡೆಯಲು ಅಷ್ಟು ಸಾಕು.

ಹಸಿರು ಸೂಪ್ ಅಂತ ‘ಕಾಲ್ದು ವೆರ್ದೆ’ ಹೇಳಿದರೆ ಹುಷಾರು, ಸೊಪ್ಪು ಆಲೂಗಡ್ಡೆಯ ಜೊತೆ ಹಂದಿ ಸಾಸೇಜ್ ಇರುತ್ತದೆ. ಕೇರಿಯ ಬೇಕರಿಗಳಲ್ಲಿ ಸಿಗುವ ಸಿಹಿ ಬ್ರೆಡ್ ‘ಮಸ್ಸಾ ಸೊವಾದಾ’, ಕಸ್ಟರ್ಡ್ ತುಂಬಿದ ‘ಪಸ್ತೆಲ್ ದೆ ನಾತಾ’ ಎರಡರಲ್ಲೂ ಮೊಟ್ಟೆ ಇದೆ. ಮೊಟ್ಟೆ ತಿನ್ನುವವರಾದರೆ ಎರಡನೆಯದನ್ನು ಬಿಸಿ ಇರುವಾಗಲೇ ಕಾಫಿ ಜೊತೆ ತಿನ್ನಿ. ತಿನ್ನದವರು ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವುದೇ ಸರಿ.

ಅದೇ ದಿನ ಹತ್ತಿರದಲ್ಲಿ ಇನ್ನೇನಾದ್ರೂ ನೋಡ್ಬಹುದಾ?

ಕೆಲ್ಲಿ ಪಾರ್ಕ್ ಒಳಗಿನ ಹಿಸ್ಟರಿ ಪಾರ್ಕಿನಲ್ಲಿ ಪೋರ್ಚುಗೀಸ್ ಹಿಸ್ಟಾರಿಕಲ್ ಮ್ಯೂಸಿಯಂ ಇದೆ. ಅದರ ಕಟ್ಟಡವನ್ನೇ ಪವಿತ್ರಾತ್ಮನ ಹಬ್ಬದ ಪುಟ್ಟ ಗುಡಿಯ ಮಾದರಿಯಲ್ಲಿ ಕಟ್ಟಿದ್ದಾರೆ. ಅಂಥ ಗುಡಿಗೆ ‘ಇಂಪೇರಿಯು’ ಅನ್ನುತ್ತಾರೆ. ಹಬ್ಬಕ್ಕೆ ಹೋಗಲು ಆಗದವರು ಕಿರೀಟ, ಮೇಲಂಗಿಗಳ ಬಗ್ಗೆ ಇಲ್ಲಿ ತಿಳಿಯಬಹುದು.

## ಇನ್ನೂ ಸ್ವಲ್ಪ ಆಳಕ್ಕೆ

ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಮಾಡಿದ್ದು ಗೊತ್ತಿದ್ದೂ ಅವರ ಚರ್ಚಿಗೆ ಹೋಗಬೇಕಾ?

ಪತ್ರ ಬರೆದು ಇದನ್ನು ಕೇಳಿದವರು ಉಳ್ಳಾಲದ ಕಡೆಯವರು. ಕೇಳುವುದರಲ್ಲಿ ನ್ಯಾಯ ಇದೆ. ಉಳ್ಳಾಲದ ರಾಣಿ ಅಬ್ಬಕ್ಕ ಅವರ ವಿರುದ್ಧ ಕತ್ತಿ ಹಿಡಿದಳು. ಹೊನ್ನಾವರ, ಬಸ್ರೂರು, ಗಂಗೊಳ್ಳಿಯಲ್ಲಿ ಅವರು ಕೋಟೆ ಕಟ್ಟಿ ಅಕ್ಕಿ, ಮೆಣಸಿನ ವ್ಯಾಪಾರ ಹಿಡಿದಿದ್ದರು. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಅವರನ್ನು ಹೊರಗಟ್ಟಬೇಕಾಯಿತು. ಗೋವಾದಲ್ಲಿ 1560ರಲ್ಲಿ ಶುರುವಾದ ಇನ್‌ಕ್ವಿಸಿಶನ್, ಅಂದರೆ ಚರ್ಚಿನ ಧರ್ಮ ವಿಚಾರಣೆ, ಎಷ್ಟು ಕುಟುಂಬಗಳನ್ನು ಊರು ಬಿಡಿಸಿತು! ಅದನ್ನು ಮರೆಯಬೇಕಿಲ್ಲ.

ಆದರೆ ಈ ಚರ್ಚನ್ನು ಯಾವ ವೈಸರಾಯ್ ಕೂಡ ಕಟ್ಟಿಸಲಿಲ್ಲ. ಅದೇ ರಾಜ್ಯ ಕಡೆಗಣಿಸಿದ ದ್ವೀಪಗಳಿಂದ, ಅದರ ಸೈನ್ಯಕ್ಕೆ ಹೆದರಿ ಓಡಿಬಂದ ರೈತರ ಮಕ್ಕಳು ಕಟ್ಟಿದ್ದು. ಯಾರ ನೆಲವನ್ನೂ ಗೆಲ್ಲಲು ಬಂದವರಲ್ಲ. ಬೇರೆಯವರ ತೋಟದಲ್ಲಿ ಕೂಲಿಗೆ ಬಂದವರು. ಅದಕ್ಕೇ ನಾನು ಅಬ್ಬಕ್ಕನ ಮೇಲಿನ ಅಭಿಮಾನವನ್ನೂ ಇಟ್ಟುಕೊಂಡೇ ಇಲ್ಲಿ ತಲೆಬಾಗುತ್ತೇನೆ.

ಗೋಪುರದ ಕಲೆ ನಮ್ಮ ಗೋವಾ ಚರ್ಚುಗಳ ಥರಾನೇ ಇದೆ ಅನ್ನಿಸ್ತು. ಹೌದಾ?

ಸ್ವಲ್ಪ ಮಟ್ಟಿಗೆ ನೆಂಟಸ್ತಿಕೆ ಇದೆ. ಪೋರ್ಚುಗಲ್‌ನವರು ತಮ್ಮದೇ ಅಂತ ಎತ್ತಿ ಹೇಳುವ ಶೈಲಿ ಮಾನುವೆಲ್ ಶೈಲಿ. 1495ರಿಂದ 1521ರವರೆಗೆ ಆಳಿದ ದೊರೆ ಮಾನುವೆಲ್ ಹೆಸರಿನದು. ಹಡಗಿನ ಹಗ್ಗ, ಗಂಟು, ಖಗೋಳದ ಗೋಳ, ಅಗಲ ತುದಿಯ ಶಿಲುಬೆ ಇವೆಲ್ಲ ಕಲ್ಲಿನಲ್ಲಿ ಬರುತ್ತವೆ. ವಾಸ್ಕೊ ಡ ಗಾಮಾ ನಮ್ಮ ಕಾರವಾರದ ಎದುರಿನ ಅಂಜದೀವಕ್ಕೆ ಬಂದಿದ್ದೂ ಈ ದೊರೆಯ ಕಾಲದಲ್ಲೇ, 1498ರಲ್ಲಿ. ನಾಲ್ಕು ನೂರು ವರ್ಷದ ನಂತರ ಕ್ಯಾಲಿಫೋರ್ನಿಯಾದ ವಲಸಿಗರು ‘ನಮ್ಮೂರಿನ ಚಂದ’ ಅಂತ ನೆನೆದಾಗ ಅವರಿಗೆ ಹೊಳೆದದ್ದು ಊರಿನ ಅಂಥ ಹಳೆಯ ಚರ್ಚುಗಳೇ.

ನಾನು ಮಂಗಳೂರಿನ ಕ್ಯಾಥೊಲಿಕ್. ನನಗೆ ಇದರಲ್ಲಿ ಹೊಸದೇನಿದೆ?

ನಿಮಗೆ ಎಲ್ಲರಿಗಿಂತ ಜಾಸ್ತಿ ಇದೆ. ನಿಮ್ಮ ಕಿವಿ ಅರ್ಧ ಪೂಜೆಯನ್ನು ತಾನೇ ಹಿಡಿಯುತ್ತದೆ. ಅವರ ‘ಇಗ್ರೇಜಾ’ ನಿಮ್ಮ ಇಗರ್ಜಿ. ಅವರ ‘ಪಾದ್ರೆ’ ನಮ್ಮೆಲ್ಲರ ಪಾದ್ರಿ. ‘ಮಿಸ್ಸಾ’ ನಿಮ್ಮ ಮೀಸ್. ‘ಫೆಸ್ಟಾ’ ನಿಮ್ಮ ಫೆಸ್ತ್. 1680ರಲ್ಲಿ ಶುರುವಾದ ಮಿಲಾಗ್ರಿಸ್ ಚರ್ಚು ಮಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಮಿಲಾಗ್ರಿಸ್ ಅಂದರೆ ಪವಾಡಗಳು. ಸ್ಯಾನ್ ಹೋಸೆಯಿಂದ ಗುಡ್ಡ ದಾಟಿ ಒಳನಾಡಿಗೆ ಹೋದರೆ ಗಸ್ಟಿನ್ ಅನ್ನುವ ಹಾಲಿನ ಊರಿದೆ. ಅಲ್ಲಿನ ಪೋರ್ಚುಗೀಸರು ಸೆಪ್ಟೆಂಬರಿನಲ್ಲಿ ಮಾಡುವುದೂ ಮಿಲಾಗ್ರಿಸ್ ಮಾತೆಯ ಹಬ್ಬವನ್ನೇ. ನೀವು ಮೊಂತಿ ಫೆಸ್ತ್‌ಗೆ ಹೂವು ಕಿತ್ತು ಬುಟ್ಟಿ ತುಂಬುವ ತಿಂಗಳಲ್ಲೇ.

ಕ್ಯಾಥೊಲಿಕರಲ್ಲದ ಕನ್ನಡಿಗರಿಗೂ ಸಂಬಂಧ ಇಲ್ಲದಿಲ್ಲ. ಚಾವಿ, ಬಾಲ್ದಿ, ಪಗಾರ, ಮೇಸ್ತ್ರಿ, ಎಲ್ಲ ಅವರ ಭಾಷೆಯಿಂದ ಬಂದ ಪದಗಳು. ಇನ್ನು ಅಡ್ಡಹೆಸರು. ಅಲ್ಲಿ ಸಿಲ್ವಾ, ಪಿರೇರಾ, ಸೋಜಾ ಅಂತ ಕೇಳಿದರೆ ಊರವರು ಸಿಕ್ಕಂತೆ ಅನ್ನಿಸುತ್ತದೆ. ಅಮೆರಿಕದಲ್ಲಿ ಎಷ್ಟೋ ಪಿರೇರಾಗಳು ಪೆರ್ರಿ ಆದರು, ರೊಡ್ರಿಗಸ್‌ಗಳು ರಾಜರ್ಸ್ ಆದರು. ಹೆಸರು ಉಚ್ಚರಿಸಲು ಬಾರದ ಮೇಲ್ವಿಚಾರಕರ ಕೈಯಲ್ಲಿ ಪಗಾರದ ಪುಸ್ತಕ ಇದ್ದರೆ ಹಾಗಾಗುತ್ತದೆ. ನಮ್ಮ ವೆಂಕಟೇಶಗಳು ವೆಂಕಿ ಆದ ಹಾಗೆ.

ನೂರು ವರ್ಷ ಆಯ್ತಲ್ಲ. ಈಗಲೂ ಪೋರ್ಚುಗೀಸ್ ಮಾತಾಡೋರು ಇದ್ದಾರಾ?

ಇದ್ದಾರೆ, ಅದಕ್ಕೆ ಕಾರಣ ಎರಡನೇ ಅಲೆ. 1924ರ ಕಾನೂನು ವಲಸೆಯ ಬಾಗಿಲನ್ನು ಹೆಚ್ಚುಕಮ್ಮಿ ಮುಚ್ಚಿತ್ತು. 1957ರ ಸೆಪ್ಟೆಂಬರಿನಲ್ಲಿ ಫಾಯಲ್ ದ್ವೀಪದ ಅಂಚಿನ ಕಡಲಲ್ಲಿ ಕಪೆಲಿಞುಸ್ ಜ್ವಾಲಾಮುಖಿ ಸಿಡಿಯಿತು. ಒಂದು ವರ್ಷಕ್ಕೂ ಹೆಚ್ಚು ಉಗುಳಿತು. ಬೂದಿ ಬಿದ್ದು ಮನೆ, ಹೊಲ ಮುಚ್ಚಿಹೋದವು. 1958ರಲ್ಲಿ ಅಮೆರಿಕ ಅಝೋರ್ಸ್ ನಿರಾಶ್ರಿತರಿಗೆಂದೇ ಕಾನೂನು ಮಾಡಿತು. ಅದನ್ನು ಮುಂದೆ ಒತ್ತಿದ ಸೆನೆಟರ್‌ಗಳಲ್ಲಿ ಜಾನ್ ಎಫ್. ಕೆನಡಿ ಒಬ್ಬರು. 1965ರ ವಲಸೆ ಕಾನೂನು ದೇಶವಾರು ಹಳೆಯ ಕೋಟಾ ತೆಗೆದುಹಾಕಿತು. ಅಝೋರ್ಸ್‌ನ ಅಣ್ಣತಮ್ಮಂದಿರು ಆಗ ಬಂದರು. ಅದೇ ಕಾನೂನಿನ ಬಾಗಿಲಿಂದಲೇ ನಮ್ಮ ಮೊದಲ ತಲೆಮಾರಿನ ಕನ್ನಡದ ಎಂಜಿನಿಯರ್, ಡಾಕ್ಟರುಗಳೂ ಬಂದರು.

ಈಗ ಮಕ್ಕಳು ಊರ ಹೊರಗೆ ಮನೆ ಮಾಡಿದ್ದಾರೆ. ಕೇರಿಯಲ್ಲಿ ಮೆಕ್ಸಿಕೊದವರು, ವಿಯೆಟ್ನಾಮಿನವರು ತುಂಬಿದ್ದಾರೆ. ಬರ್ರೀಯೆಸ್ಸಾವರೆಗೆ 2020ರಲ್ಲಿ ಬಂದ ಬಾರ್ಟ್ ರೈಲನ್ನು ಮುಂದಕ್ಕೆ ಎಳೆಯುವ ಯೋಜನೆಯಲ್ಲಿ, ಚರ್ಚಿನ ಬಳಿಯೇ ‘28ನೇ ರಸ್ತೆ – ಲಿಟಲ್ ಪೋರ್ಚುಗಲ್’ ಅನ್ನುವ ನಿಲ್ದಾಣ ಇದೆ. ಬಾಡಿಗೆ ಏರಿದರೆ ಹಳೆಯ ಅಂಗಡಿಗಳ ಗತಿ ಏನು ಅನ್ನುವ ಆತಂಕ ನನಗಿದೆ. ನೋಡಬೇಕು ಅಂತಿರುವವರು ಮುಂದೂಡಬೇಡಿ.

ಅಲ್ಲಿನ ಹಿರಿಯರ ಹತ್ರ ಮಾತಾಡ್ಬೇಕು ಅಂತ ಆಸೆ. ಹೇಗೆ ಶುರು ಮಾಡೋದು?

ಪೂಜೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಲ್ಲಿ. ಗುಂಪು ಗುಂಪಾಗಿ ಮಾತಾಡುತ್ತಿರುತ್ತಾರೆ, ಯಾರಿಗೂ ಅವಸರ ಇರುವುದಿಲ್ಲ. ‘ಬೋಂ ದಿಯಾ’ ಅನ್ನಿ, ಶುಭದಿನ ಅಂತ ಅರ್ಥ. ಎಷ್ಟು ವರ್ಷ ಆಯಿತು, ಏನು ಕೆಲಸ ಅಂತೆಲ್ಲ ಕೇಳಲು ಹೋಗಬೇಡಿ. ‘ನಿಮ್ಮದು ಯಾವ ದ್ವೀಪ?’ ಅಂತ ಕೇಳಿ. ಅವರು ತಮ್ಮತಮ್ಮಲ್ಲಿ ಮೊದಲು ಕೇಳಿಕೊಳ್ಳುವುದೇ ಅದು, ನಾವು ‘ಯಾವೂರಾಯ್ತು?’ ಅಂದ ಹಾಗೆ.

ನಾನು ಕೇಳಿದ ಅಜ್ಜ ‘ಪೀಕೊ’ ಅಂದರು. ಅಂಗೈ ಎತ್ತಿ ಬೆರಳುಗಳನ್ನು ಒಟ್ಟು ಮಾಡಿ ಬೆಟ್ಟದ ಆಕಾರ ಮಾಡಿದರು. ಪೀಕೊ ಬೆಟ್ಟ 2351 ಮೀಟರ್, ಇಡೀ ಪೋರ್ಚುಗಲ್‌ನಲ್ಲೇ ಎತ್ತರದ್ದು. ಅದರ ಬುಡದಲ್ಲಿ ಅವರ ಅಪ್ಪನ ದ್ರಾಕ್ಷಿ ತೋಟ, ಗಾಳಿಗೆ ಅಡ್ಡ ಕಪ್ಪು ಕಲ್ಲಿನ ಗೋಡೆ, ಒಂದು ಹಸು. ಹಸುವಿನ ಹೆಸರೂ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ‘ನಿನ್ನದು?’ ಅಂದರು. ನಾನು ತೀರ್ಥಹಳ್ಳಿ ಅಂದೆ. ಅಲ್ಲಿ ಮಳೆ ಜಾಸ್ತಿಯಾ ಅಂತ ಕೇಳಿದರು.